ರೋಮ್‌ಗೆ ವಿದ್ಯಾರ್ಥಿಗಳ ಪ್ರವಾಸ: ಹೊರಡುವ ಮೊದಲು ಟಿಕೆಟ್‌ಗಳನ್ನು ಕಣ್ಣಾರೆ ನೋಡಿ

ವಿದ್ಯಾರ್ಥಿಗಳನ್ನು ರೋಮ್ ನಗರಕ್ಕೆ ಕರೆದೊಯ್ಯಲಿರುವ ಅಧ್ಯಾಪಕರಿಗೂ ಆ ವಿದ್ಯಾರ್ಥಿಗಳ ಪೋಷಕರಿಗೂ ತಿಳಿದಿರಲೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ತಂಡದ ಪ್ರವಾಸವನ್ನು ಏರ್ಪಡಿಸಿದ ಸಂಸ್ಥೆಯು ಪ್ರಾಚೀನ ಕ್ರೀಡಾಂಗಣವಾದ ಕೊಲೋಸಿಯಮ್, ಅದರ ಪಕ್ಕದ ಪ್ರಾಚೀನ ಅವಶೇಷಗಳ ತಾಣಗಳಾದ ರೋಮನ್ ಫೋರಂ, ಪ್ಯಾಲಟೈನ್ ಗುಡ್ಡ ಮತ್ತು ವ್ಯಾಟಿಕನ್‌ನ ಸಂತ ಪೀಟರರ ಬಸಿಲಿಕಾವನ್ನು (ದೊಡ್ಡ ಚರ್ಚು) ಒಂದೇ ದಿನದಲ್ಲಿ ತೋರಿಸುವುದಾಗಿ ಹೇಳಿ, ಎಲ್ಲ ಕಡೆಯ ಪ್ರವೇಶ ಶುಲ್ಕವನ್ನೂ ಮುಂಗಡವಾಗಿ ವಸೂಲಿ ಮಾಡಿತ್ತು. ಟಿಕೆಟ್‌ಗಳ ಪ್ರತಿಯನ್ನು ಕೇಳಿದಾಗಲೆಲ್ಲ, ಅವು ರೋಮ್‌ನಲ್ಲಿರುವ ತಮ್ಮ ಪ್ರತಿನಿಧಿಯ ಬಳಿ ಇವೆ ಎಂಬ ಉತ್ತರವಷ್ಟೇ ಬರುತ್ತಿತ್ತು.

ಕೊಲೋಸಿಯಮ್‌ನಲ್ಲಿ 2023ರ ಅಕ್ಟೋಬರ್‌ನಿಂದ ಪ್ರತಿ ಟಿಕೆಟ್‌ನ ಮೇಲೂ ಸಂದರ್ಶಕರ ಹೆಸರು ಇರಲೇಬೇಕು. ದ್ವಾರದಲ್ಲಿ ಅದನ್ನು ಗುರುತಿನ ಚೀಟಿಯೊಂದಿಗೆ ತಾಳೆ ನೋಡುತ್ತಾರೆ. ಪ್ರತಿನಿಧಿ ತಂದಿದ್ದ ಟಿಕೆಟ್‌ಗಳಲ್ಲಿ ಕೆಲವಕ್ಕೆ ಮಾತ್ರ ನಮ್ಮ ವಿದ್ಯಾರ್ಥಿಗಳ ಹೆಸರಿತ್ತು, ಉಳಿದವುಗಳ ಮೇಲೆ ಯಾರೋ ಅಪರಿಚಿತರ ಹೆಸರುಗಳಿದ್ದವು. ಹೀಗೆ ತಮ್ಮ ಹೆಸರಿನ ಟಿಕೆಟ್ ಇಲ್ಲದ ವಿದ್ಯಾರ್ಥಿಗಳನ್ನು ಸಿಬ್ಬಂದಿ ಒಳಗೆ ಬಿಡಲಿಲ್ಲ. ಅದರಲ್ಲಿ ಸಿಬ್ಬಂದಿಯ ತಪ್ಪೇನೂ ಇಲ್ಲ, ಏಕೆಂದರೆ ಟಿಕೆಟ್‌ಗಳನ್ನು ಸಗಟಾಗಿ ಕೊಂಡು ಹೆಚ್ಚಿನ ಬೆಲೆಗೆ ಮಾರುವವರನ್ನು ತಡೆಯಲೆಂದೇ ಈ ನಿಯಮವನ್ನು ತರಲಾಗಿದೆ. ಒಳಗೆ ಹೋದವರು ಒಂದು ಕಡೆ, ಬಿಸಿಲಿನಲ್ಲಿ ಉಳಿದವರು ಇನ್ನೊಂದು ಕಡೆ ಆದಾಗ, ಹೊರಗೆ ಓಡಾಡುತ್ತಿದ್ದ ದಲ್ಲಾಳಿಗಳಿಂದ ಸ್ವಂತ ಖರ್ಚಿನಲ್ಲಿ ಟಿಕೆಟ್ ಕೊಳ್ಳುವಂತೆ ಪ್ರತಿನಿಧಿಯು ಮಕ್ಕಳನ್ನೇ ಒತ್ತಾಯಿಸಿದ್ದು ನನಗೆ ಇಂದಿಗೂ ಸಹಿಸಲಾಗದ ಸಂಗತಿ.

ಶುಲ್ಕದ ಪಟ್ಟಿಯನ್ನು ಆಮೇಲೆ ಪರಿಶೀಲಿಸಿದಾಗ ಇನ್ನಷ್ಟು ಸಂಗತಿಗಳು ಹೊರಬಿದ್ದವು. ಕೊಲೋಸಿಯಮ್‌ನ 18 ಯೂರೊಗಳ ಸಾಮಾನ್ಯ ಟಿಕೆಟ್‌ನಲ್ಲಿಯೇ ಫೋರಂ ಮತ್ತು ಪ್ಯಾಲಟೈನ್‌ಗಳ ಪ್ರವೇಶವೂ ಸೇರಿರುತ್ತದೆ. ನಮ್ಮಿಂದ ಅವೆರಡಕ್ಕೂ ಬೇರೆಯಾಗಿ ಹಣ ಪಡೆಯಲಾಗಿತ್ತು. 18 ವರ್ಷ ತುಂಬದವರಿಗೆ, ಅವರು ಯಾವ ದೇಶದವರೇ ಆಗಿರಲಿ, ಅಲ್ಲಿ ಪ್ರವೇಶ ಉಚಿತ. ಆದರೂ ನಮ್ಮ ಕಿರಿಯ ವಿದ್ಯಾರ್ಥಿಗಳಿಂದ ಪೂರ್ಣ ಶುಲ್ಕ ವಸೂಲಾಗಿತ್ತು. ಹಿರಿಯ ವಿದ್ಯಾರ್ಥಿಗಳಿಗೆ ಕೊಡಿಸುವುದಾಗಿ ಹೇಳಿದ್ದ 2 ಯೂರೊಗಳ ರಿಯಾಯಿತಿ ದರವಾದರೋ 18ರಿಂದ 25 ವರ್ಷದೊಳಗಿನ ಯುರೋಪಿಯನ್ ಒಕ್ಕೂಟದ ನಾಗರಿಕರಿಗೆ ಮೀಸಲಾದದ್ದು. ಹೊರಗಿನ ದೇಶದ ಕಾಲೇಜಿನ ಗುರುತಿನ ಚೀಟಿ ತೋರಿಸಿದರೆ ಅದು ಸಿಗುವುದಿಲ್ಲ.

ಮಧ್ಯಾಹ್ನ ಬಸಿಲಿಕಾದಲ್ಲಿ ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪಿಲ್ಲದ ಕೆಲವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದರು. ಈ ನಿಯಮವನ್ನು ಯಾರೂ ಮುಂಚಿತವಾಗಿ ನಮಗೆ ತಿಳಿಸಿರಲಿಲ್ಲ. ಬಸಿಲಿಕಾದ ಒಳಗೆ ಹೋಗಲು ಶುಲ್ಕವೇ ಇಲ್ಲವೆಂಬುದು, ಅದಕ್ಕೂ ಹಣ ಕಟ್ಟಿದ್ದ ನಮಗೆ ಅಲ್ಲಿಯೇ ಗೊತ್ತಾಯಿತು.

ಆದ್ದರಿಂದ ಹಣ ಪಾವತಿಸುವ ಮೊದಲೇ ಪ್ರತಿ ವಿದ್ಯಾರ್ಥಿಯ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಟಿಕೆಟ್‌ನಲ್ಲಿ ನಮೂದಾಗುವುದೆಂದು ಬರವಣಿಗೆಯಲ್ಲಿ ಪಡೆಯಿರಿ; ಹೊರಡುವ ಮುನ್ನ ಟಿಕೆಟ್‌ಗಳ ಪ್ರತಿಯನ್ನು ತರಿಸಿಕೊಂಡು ಹೆಸರು, ದಿನಾಂಕ, ಪ್ರವೇಶದ ಸಮಯ ಮೂರನ್ನೂ ನೀವೇ ಪರಿಶೀಲಿಸಿ. ವ್ಯಾಟಿಕನ್ ವಸ್ತುಸಂಗ್ರಹಾಲಯವೂ ಪಟ್ಟಿಯಲ್ಲಿದ್ದರೆ, ತಿಂಗಳ ಕೊನೆಯ ಭಾನುವಾರವನ್ನು ಬಿಟ್ಟು ಉಳಿದ ಭಾನುವಾರಗಳಂದು ಅದು ಮುಚ್ಚಿರುತ್ತದೆ ಎಂಬುದನ್ನೂ ದಿನ ಗೊತ್ತುಮಾಡುವಾಗ ಗಮನದಲ್ಲಿಡಿ.