‘ಮೈಲೇಜ್ ಪ್ಯಾಕೇಜ್’ಗೆ ದುಡ್ಡು ಕೊಡೋ ಮುಂಚೆ ಟೈರಿನ ನಂಬರ್ ಓದಿ

ದಾವಣಗೆರೆ, ಚಿತ್ರದುರ್ಗದ ಕಡೆಯವರು ಯಾರಾದರೂ ಕಾರಿಗೆ ‘ಮೈಲೇಜ್ ಪ್ಯಾಕೇಜ್’ ಹಾಕಿಸೋಣ ಅಂತ ಓಡಾಡ್ತಿದ್ದರೆ ಇದನ್ನು ಓದಿ, ಆಮೇಲೆ ನಿಮ್ಮಿಷ್ಟ. ನಮ್ಮನೆ ಕಾರಿಗೆ ಹಾಕಿಸಿ ಐವತ್ತು ಸಾವಿರದ ಹತ್ತಿರ ಕೈಬಿಟ್ಟಿತು. ಮೀಟರಿನಲ್ಲಿ ಮೈಲೇಜ್ ಏರಿತು, ಬಂಕಿಗೆ ಕೊಡೋ ದುಡ್ಡು ಮಾತ್ರ ಇಳಿಯಲಿಲ್ಲ. ಎರಡೂ ಒಟ್ಟಿಗೆ ಹೇಗೆ ಆಗುತ್ತೆ ಅನ್ನೋದನ್ನೇ ಬರೆಯೋಕೆ ಕೂತಿದ್ದೇನೆ. ಅಂಗಡಿ ಹೆಸರು ಕೇಳಬೇಡಿ. ಇದೇ ಸರಕು ಇಟ್ಟುಕೊಂಡು ಕೂತೋರು ಒಬ್ಬಿಬ್ಬರಲ್ಲ.

ನಮ್ಮದು ಮೆಕ್ಕೆಜೋಳದ ವ್ಯಾಪಾರ. ತಮ್ಮ ದುರ್ಗಕ್ಕೆ ವಾರದಲ್ಲಿ ಮೂರ್ನಾಲ್ಕು ಸಲ ಹೋಗಿಬರ್ತಾನೆ, ನಡುವೆ ಜಗಳೂರು, ಹೊಳಲ್ಕೆರೆ ಇದ್ದೇ ಇರುತ್ತೆ. ಲೆಕ್ಕದ ಪುಸ್ತಕ ನನ್ನ ಕೈಲಿ. ಬಂಕಿನ ಚೀಟಿ ಒಂದೂ ಬಿಡದೆ ಅಂಟಿಸಿ, ಪಕ್ಕದಲ್ಲಿ ಕಿಲೋಮೀಟರ್ ಬರೆದಿಡೋದು ಅಪ್ಪನ ಕಾಲದ ರೂಢಿ. ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್ (ಇ20) ಎಲ್ಲಾ ಬಂಕಿಗೂ ಬಂದ ಮೇಲೆ ನಮ್ಮ ಕಾರಿನ ಮೈಲೇಜ್ ಇಳಿದಿದ್ದು ಆ ಪುಸ್ತಕದಲ್ಲೇ ಕಾಣುತ್ತೆ. ಇದೇನು ಗುಟ್ಟಲ್ಲ. ಒಂದು ಲೀಟರ್ ಎಥನಾಲಿನಲ್ಲಿ ಇರೋ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಮ್ಮಿ. ಹಳೇ ವಿನ್ಯಾಸದ ಕಾರುಗಳಲ್ಲಿ ಮೈಲೇಜ್ ಶೇಕಡಾ 6ರಿಂದ 7ರವರೆಗೆ ಬೀಳಬಹುದು ಅಂತ ನೀತಿ ಆಯೋಗ 2021ರಲ್ಲಿ ಹೊರತಂದ ವರದಿಯಲ್ಲೇ ಇದೆ. ಜನಕ್ಕೆ ಹೊಟ್ಟೆ ಉರೀತಿದೆ ಅಂತ ಅಂಗಡಿಯವರಿಗೂ ಗೊತ್ತು. ‘ಇ20 ಲಾಸ್ ವಾಪಸ್ ತಗೊಳ್ಳಿ’ ಅಂತ ಬೋರ್ಡು ಹಾಕಿದ್ದು ಅದಕ್ಕೇ.

ಪ್ಯಾಕೇಜಿನಲ್ಲಿ ನಾಲ್ಕು ಐಟಂ: ಪೆಟ್ರೋಲ್ ಪೈಪಿಗೆ ಕಟ್ಟೋ ಮ್ಯಾಗ್ನೆಟ್, ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸೋ ಸಾಕೆಟ್) ಚುಚ್ಚೋ ‘ಎಕೋ ಚಿಪ್’, ಕಂಪನಿ ಫಿಲ್ಟರ್ ಡಬ್ಬಿ ಕಿತ್ತು ಹಾಕೋ ಕೋನ್ ಆಕಾರದ ಏರ್ ಫಿಲ್ಟರ್, ಜೊತೆಗೆ ಹದಿನೈದು ಇಂಚಿನ ಅಲಾಯ್ ರಿಮ್ ಮತ್ತು ಹೊಸ ಟೈರ್. “ಅಲಾಯ್ ತೂಕ ಕಮ್ಮಿ ಅಣ್ಣಾರೆ, ಗಾಡಿ ಹಗುರ ಓಡುತ್ತೆ, ಐದು ಕಿಲೋಮೀಟರ್ ಗ್ಯಾರಂಟಿ” ಅಂದರಂತೆ. ತಮ್ಮನಿಗೆ ಅಲಾಯ್ ಮೇಲೆ ಮೊದಲಿಂದ ಆಸೆ. ಮೈಲೇಜ್ ಅನ್ನೋದು ಮನೇಲಿ ಹೇಳೋಕೆ ಒಳ್ಳೇ ಕಾರಣ ಆಯ್ತು.

ಫಿಟ್ಟಿಂಗ್ ಮುಗಿದ ದಿನ ಟ್ರಯಲ್ ತೋರಿಸಿದರು. ನಾನೂ ಹಿಂದಿನ ಸೀಟಿನಲ್ಲಿದ್ದೆ. ಅಂಗಡಿ ಹುಡುಗ ಹೈವೇ ಹತ್ತಿದ ಮೇಲೆ ಡಿಸ್‌ಪ್ಲೇಯಲ್ಲಿ ಆವರೇಜ್ ಸೊನ್ನೆ ಮಾಡಿದ. ಏಸಿ ಆಫ್, ಕಿಟಕಿ ಬಂದ್, ಟಾಪ್ ಗೇರು, ಅರವತ್ತರ ಮೇಲೆ ಮುಳ್ಳು ಹೋಗಗೊಡಲಿಲ್ಲ. ಹೆಬ್ಬಾಳು ಟೋಲ್ ಬರೋದರೊಳಗೆ 22 ತೋರಿಸ್ತು. “ನೋಡ್ರಿ, ನಿಮ್ಮ ಕಣ್ಣೆದುರಿಗೇ ಐತೆ” ಅಂದ. ಈ ರೀತಿ ಓಡಿಸಿದರೆ ಏನೂ ಹಾಕದ ಕಾರೂ 22 ಕೊಡುತ್ತೆ. ಇನ್ನೊಂದು ವಿಷಯ, ಅದು ಆಷಾಢ. ಆಗ ಗಾಳಿ ಪಡುವಲ ಕಡೆಯಿಂದ ಬೀಸುತ್ತೆ, ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರೋದೇ ಆ ಗಾಳಿ ನಂಬಿಕೊಂಡು. ದಾವಣಗೆರೆಯಿಂದ ದುರ್ಗದ ಕಡೆ ಹೋಗೋ ಗಾಡಿಗೆ ಅದು ಬೆನ್ನಿಗೆ ಬೀಳುತ್ತೆ, ವಾಪಸ್ ಬರುವಾಗ ಎದೆಗೆ. ಹುಡುಗ ಹೋಗುವಾಗಿನ ನಂಬರ್ ಮಾತ್ರ ತೋರಿಸಿ, ಗಾಡಿ ತಿರುಗಿಸಿದ ಮೇಲೆ ಹಾಡು ಹಾಕಿ ಡಿಸ್‌ಪ್ಲೇ ಬದಲಿಸಿಬಿಟ್ಟ.

ಈಗ ಟೈರಿನ ವಿಷಯ. ಸ್ವಲ್ಪ ಲೆಕ್ಕ ಇದೆ, ತಾಳ್ಮೆಯಿಂದ ಓದಿ, ಯಾಕಂದ್ರೆ ಮೋಸ ಇರೋದೇ ಇಲ್ಲಿ.

ಕಂಪನಿಯಿಂದ ಬಂದಿದ್ದು 165/80 ಆರ್14. ಇವರು ಹಾಕಿದ್ದು 195/55 ಆರ್15. ಹದಿನಾಲ್ಕು ಹೋಗಿ ಹದಿನೈದು ಬಂತು ಅಂದ್ರೆ ಚಕ್ರ ದೊಡ್ಡದಾಯ್ತು ಅಂತ ಯಾರಾದರೂ ಅಂದ್ಕೊಳ್ತಾರೆ. ಆದರೆ ದೊಡ್ಡದಾಗಿದ್ದು ರಿಮ್ ಒಂದೇ. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದಲ್ಲಿ ಶೇಕಡಾ ಎಷ್ಟು ಪಾಲು ಪಕ್ಕದ ಗೋಡೆಯ ಎತ್ತರ ಅನ್ನೋದು. 165ರಲ್ಲಿ 80 ಪರ್ಸೆಂಟ್ ಅಂದರೆ 132 ಮಿ.ಮೀ. ಮೇಲೊಂದು ಕೆಳಗೊಂದು ಅಂತ ಎರಡು ಸಲ ಸೇರಿಸಿ, ಹದಿನಾಲ್ಕು ಇಂಚಿನ ರಿಮ್ಮಿನ 355.6 ಕೂಡಿಸಿದರೆ ಇಡೀ ಚಕ್ರದ ವ್ಯಾಸ 619.6. ಹೊಸದನ್ನು ಇದೇ ರೀತಿ ಲೆಕ್ಕ ಹಾಕಿದರೆ 595.5. ಅಂದರೆ ಹೊಸ ಚಕ್ರ 24 ಮಿ.ಮೀ. ಚಿಕ್ಕದು!

ಚಕ್ರ ಚಿಕ್ಕದಾದರೆ ಅದೇ ದೂರಕ್ಕೆ ಹೆಚ್ಚು ಸುತ್ತು ಸುತ್ತಬೇಕು. ಕಾರಿನ ಮೀಟರ್ ರಸ್ತೆ ಅಳೆಯೋದಿಲ್ಲ, ಸುತ್ತು ಎಣಿಸುತ್ತೆ. ಪ್ರತಿ ಸುತ್ತಿಗೂ ಹಳೇ ಟೈರಿನ ಲೆಕ್ಕದಲ್ಲೇ ದೂರ ಬರೆದುಕೊಳ್ಳುತ್ತೆ. ಹೀಗಾಗಿ ನೂರು ಕಿಲೋಮೀಟರ್ ಓಡಿದ್ದು ನೂರಾ ನಾಲ್ಕು ಅಂತ ಬೀಳುತ್ತೆ. ಡಿಸ್‌ಪ್ಲೇಯಲ್ಲಿ ಕಾಣೋ ಆವರೇಜೂ ಇದೇ ದೂರ ನಂಬಿಕೊಂಡಿರೋದು. ಏನೂ ಉಳಿತಾಯ ಆಗದೆ ಮೈಲೇಜ್ ಶೇಕಡಾ ನಾಲ್ಕು ಏರಿದ ಹಾಗೆ ಕಾಣುತ್ತೆ. ಟ್ಯಾಂಕ್ ಫುಲ್ ಮಾಡಿಸಿ ಕಿಲೋಮೀಟರ್ ಭಾಗಿಸೋ ಜಾಣರೂ ಇಲ್ಲಿ ಸಿಕ್ಕಿಬೀಳ್ತಾರೆ, ಅವರು ಭಾಗಿಸೋದೂ ಅದೇ ಮೀಟರಿನ ಅಂಕಿಯನ್ನೇ ತಾನೆ.

ನನಗೆ ಅನುಮಾನ ಬಂದಿದ್ದು ದುರ್ಗದ ದೂರ ನೋಡಿ. ಮನೆಯಿಂದ ಅಲ್ಲಿಯ ಮಂಡಿವರೆಗೆ ನಮ್ಮ ಪುಸ್ತಕದಲ್ಲಿ ಯಾವಾಗಲೂ 61. ಪ್ಯಾಕೇಜ್ ಹಾಕಿಸಿದ ಮೇಲೆ ಬರೆದಿದ್ದೆಲ್ಲಾ 63ರ ಮೇಲೆ. “ದಾರಿ ಬದಲಾಯಿಸಿದ್ಯೇನೋ?” ಅಂದೆ. “ಹೈವೇ ಬಿಟ್ಟು ಎಲ್ಲಿಗೆ ಹೋಗ್ಲಿ ಅಣ್ಣ” ಅಂದ. ಫೋನಿನ ಜಿಪಿಎಸ್ ಹಾಕಿ ನೋಡಿದರೆ 61ಕ್ಕೇ ನಿಂತಿತ್ತು. ಮೊದಲು 17.5 ಇದ್ದ ಮೈಲೇಜ್ ಮೀಟರಿನ ಲೆಕ್ಕದಲ್ಲಿ 17.9 ಆಗಿತ್ತು. ನಿಜವಾದ ದೂರದಿಂದ ಭಾಗಿಸಿದಾಗ 17.2. ಅಂದರೆ ಇಳಿದಿತ್ತು. ಇಳಿಯದೆ ಇನ್ನೇನಾಗುತ್ತೆ? ಮೂವತ್ತು ಮಿ.ಮೀ. ಅಗಲ ಜಾಸ್ತಿ ಇರೋ ಟೈರ್ ಗಾಳಿಯನ್ನು ಹೆಚ್ಚು ತಡೆಯುತ್ತೆ, ಉರುಳೋಕೂ ಹೆಚ್ಚು ಬಲ ಕೇಳುತ್ತೆ. ಚಕ್ರ ಚಿಕ್ಕದಾದ್ದರಿಂದ ಅದೇ ವೇಗಕ್ಕೆ ಎಂಜಿನ್ ಹೆಚ್ಚು ತಿರುಗಬೇಕು. ಕಾರು ನೆಲಕ್ಕೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಹತ್ತಿರ ಬೇರೆ ಬಂತು. ಜಗಳೂರು ಕಡೆ ಹಳ್ಳಿಗಳ ಹಂಪು ದಾಟುವಾಗ ಹಿಂದೆ ಇಬ್ಬರು ಕೂತಿದ್ದರೆ ಹೊಟ್ಟೆ ಉಜ್ಜುತ್ತೆ.

ಅಂಗಡಿಯವರಿಗೆ ಈ ಲೆಕ್ಕ ಗೊತ್ತಿಲ್ಲ ಅಂದರೆ ನಾನು ನಂಬೋದಿಲ್ಲ. ಅದೇ ರಿಮ್ಮಿಗೆ 185/65 ಹಾಕಿದ್ದರೆ ವ್ಯಾಸ 621.5 ಆಗ್ತಿತ್ತು, ಹಳೇದಕ್ಕೂ ಇದಕ್ಕೂ ಎರಡು ಮಿಲಿಮೀಟರ್ ವ್ಯತ್ಯಾಸ. ಅದನ್ನು ಬಿಟ್ಟು 195/55 ಯಾಕೆ ಅಂತ ಕೇಳಿದ್ದಕ್ಕೆ “ಲುಕ್ ಚೆನ್ನಾಗಿರುತ್ತೆ” ಅನ್ನೋ ಉತ್ತರ ಬಂತು.

ಎಕೋ ಚಿಪ್ಪಿನ ಕತೆ ಬೇರೆ. ಮದುವೆ ಅಂತ ಊರಿಗೆ ಹೋಗಿ ಕಾರು ಮನೇಲೇ ನಿಂತಿತ್ತು, ಬಂದು ನೋಡಿದರೆ ಸ್ಟಾರ್ಟ್ ಆಗಲಿಲ್ಲ, ಬ್ಯಾಟರಿ ಇಳಿದಿತ್ತು. ಆ ಪೋರ್ಟಿಗೆ ಕೀ ತೆಗೆದರೂ ಕರೆಂಟ್ ಇರುತ್ತೆ, ಚಿಪ್ಪಿನ ದೀಪ ಹಗಲೂ ರಾತ್ರಿ ಮಿಣುಕ್ತಾನೇ ಇತ್ತು. ಬ್ಯಾಟರಿ ಆಗಲೇ ಹಳೇದು, ಅದಕ್ಕೆ ಇದೂ ಸೇರಿತು. ನಮ್ಮ ಹಳೇ ಮೆಕ್ಯಾನಿಕ್ ಅದನ್ನು ಕಿತ್ತು, ಟೆಸ್ಟರಿನ ತುದಿಯಿಂದ ಮೀಟಿ ಬಾಯಿ ಬಿಡಿಸಿದರು. ಒಳಗೆ ಉಗುರಿನಷ್ಟು ಬೋರ್ಡು, ಎರಡು ಎಲ್‌ಇಡಿ, ಒಂದು ಚಿಕ್ಕ ಐಸಿ. ಪೋರ್ಟಿನಲ್ಲಿ ಹದಿನಾರು ಪಿನ್ ಇರುತ್ತೆ. ಬ್ಯಾಟರಿಯ ಪ್ಲಸ್ ಬರೋದು 16ಕ್ಕೆ, ಅರ್ಥ್ 4 ಮತ್ತು 5ಕ್ಕೆ. ಎಂಜಿನ್ ಕಂಪ್ಯೂಟರಿನ ಜೊತೆ ಮಾತಾಡೋಕೆ ಈಗಿನ ಬಹುತೇಕ ಕಾರುಗಳಲ್ಲಿ 6 ಮತ್ತು 14 ಬೇಕು. ಅವೆರಡಕ್ಕೆ ತಂತಿಯೇ ಎಳೆದಿರಲಿಲ್ಲ. “ಇದು ದೀಪಾವಳಿ ಸೀರಿಯಲ್ ಸೆಟ್ ಕಣಪ್ಪ” ಅಂತ ಅವರು ಬೋರ್ಡನ್ನು ತಮ್ಮನ ಅಂಗೈ ಮೇಲಿಟ್ಟರು.

ಅವರೇ ಬಾನೆಟ್ ಎತ್ತಿ ಇನ್ನೊಂದು ತೋರಿಸಿದರು. ಕೆಲವು ದಿನದಿಂದ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಹತ್ತಿಕೊಂಡಿತ್ತು. ಫಿಲ್ಟರ್ ಡಬ್ಬಿ ತೆಗೆದವರು ಒಳಗೆ ಹೋಗೋ ಗಾಳಿಯ ಶಾಖ ಅಳೆಯೋ ಸೆನ್ಸರನ್ನು ಎಲ್ಲಿ ಕೂರಿಸಬೇಕು ಅಂತ ತಿಳಿಯದೆ ಕೇಬಲ್ ಟೈ ಹಾಕಿ ವೈರಿಂಗಿಗೆ ಕಟ್ಟಿಬಿಟ್ಟಿದ್ದರು. ಎಂಜಿನ್ನಿನ ಬಿಸಿಗೆ ಅದು ತೋಚಿದ್ದು ಹೇಳ್ತಿತ್ತು. ಕೋನ್ ಫಿಲ್ಟರ್ ತೆರೆದ ಜಾಗದಲ್ಲಿ ಕೂತು ಬಿಸಿ ಗಾಳಿಯನ್ನೇ ಎಳೀತಿತ್ತು. ಅದರ ಪೈಪಿನ ಒಳಗೆ ಬೆರಳಾಡಿಸಿದರೆ ನಮ್ಮ ಕಡೆಯ ಕೆಂಪು ಧೂಳು.

ಫಿಲ್ಟರ್ ಬದಲಿಸಿದರೆ ಮೈಲೇಜ್ ಬರುತ್ತೆ ಅನ್ನೋದು ಕಾರ್ಬೊರೇಟರ್ ಕಾಲದ ಮಾತು. ಈಗ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕಂಪ್ಯೂಟರೇ ಒಂದು ಪಾಲು ಪೆಟ್ರೋಲಿಗೆ ಇಂತಿಷ್ಟು ಗಾಳಿ ಅಂತ ಹೊಂದಿಸುತ್ತೆ, ಶುದ್ಧ ಪೆಟ್ರೋಲಿಗೆ ಅದು 14.7. ಗಾಳಿ ಸಲೀಸಾಗಿ ಬಂದರೆ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡೋ ಬಾಗಿಲು) ಅಷ್ಟು ಮುಚ್ಚಿಕೊಳ್ಳುತ್ತೆ, ಅಷ್ಟೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಫಿಲ್ಟರುಗಳನ್ನು ಬೇಕಂತಲೇ ಗಾಳಿ ಸಲೀಸಾಗಿ ಹೋಗದ ಹಾಗೆ ಮುಚ್ಚಿ ಪರೀಕ್ಷೆ ಮಾಡಿತ್ತು. ಈಗಿನ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ ಪಿಕಪ್ ಬಿತ್ತೇ ಹೊರತು ಮೈಲೇಜ್ ಹೇಳಿಕೊಳ್ಳೋ ಹಾಗೆ ಬದಲಾಗಲಿಲ್ಲ. ಕೊಳಕು ಫಿಲ್ಟರಿಗೇ ಮೈಲೇಜ್ ಬೀಳದಿದ್ದರೆ ದುಬಾರಿ ಫಿಲ್ಟರಿಗೆ ಏರೋದು ಎಲ್ಲಿಂದ?

ಮ್ಯಾಗ್ನೆಟ್ ಬಗ್ಗೆ ಹೆಚ್ಚು ಬರೆಯೋಕೆ ಏನೂ ಇಲ್ಲ. ಪೆಟ್ರೋಲ್ ಅಯಸ್ಕಾಂತಕ್ಕೆ ಜಗ್ಗೋ ವಸ್ತುವಲ್ಲ. ‘ಸುಡದೆ ಉಳಿದ ಪೆಟ್ರೋಲ್ ಸುಡುತ್ತೆ’ ಅಂತಾರೆ, ಸರಿ ಇರೋ ಎಂಜಿನ್ನಿನಲ್ಲಿ ಸುಡದೆ ಹೊರಗೆ ಹೋಗೋದು ಒಂದೆರಡು ಪರ್ಸೆಂಟ್ ಇದ್ದರೆ ಹೆಚ್ಚು. ನೀರಿನಿಂದ ಹೈಡ್ರೋಜನ್ ತೆಗೆದು ಎಂಜಿನ್ನಿಗೆ ಬಿಡೋ ಕಿಟ್ಟೂ ಆ ಅಂಗಡಿಯಲ್ಲಿತ್ತು, ಪುಣ್ಯಕ್ಕೆ ತಮ್ಮ ಅಲ್ಲಿಗೆ ಹೋಗಲಿಲ್ಲ. ನೀರು ಒಡೆಯೋ ಕರೆಂಟ್ ಆಲ್ಟರ್ನೇಟರಿನದು, ಆಲ್ಟರ್ನೇಟರ್ ತಿರುಗಿಸೋದು ಎಂಜಿನ್, ಎಂಜಿನ್ನಿಗೆ ಬೇಕಾದ್ದು ಅದೇ ಪೆಟ್ರೋಲ್. ಪ್ರತಿ ಹಂತದಲ್ಲೂ ನಷ್ಟ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಏನಾದರೂ ಉಪಯೋಗ ಆಗಿದ್ದು ಬೆರಳೆಣಿಕೆಯಷ್ಟರಿಂದ, ಅದೂ ಚೂರುಪಾರು.

ಹೋಗಲಿ, ಶೇಕಡಾ ಹತ್ತು ನಿಜವಾಗಿ ಉಳಿಯುತ್ತೆ ಅಂತಲೇ ಇಟ್ಟುಕೊಳ್ಳೋಣ. ತಿಂಗಳಿಗೆ ಒಂದೂವರೆ ಸಾವಿರ ಕಿಲೋಮೀಟರ್ ಓಡೋ ಕಾರಿಗೆ 86 ಲೀಟರ್ ಬೇಕು. ಉಳಿಯೋದು ಎಂಟು ಲೀಟರ್, ಎಂಟುನೂರು ರೂಪಾಯಿ ಚಿಲ್ಲರೆ. ಐವತ್ತು ಸಾವಿರ ಹುಟ್ಟೋಕೆ ಐದು ವರ್ಷ ಬೇಕು, ಅಷ್ಟರಲ್ಲಿ ಆ ಟೈರೇ ಸವೆದಿರುತ್ತೆ. ವ್ಯಾಪಾರಸ್ಥರು ಯಾರೂ ಇಂಥ ಬಂಡವಾಳ ಹಾಕೋದಿಲ್ಲ.

ಕಾನೂನಿನ ಕಡೆಯೂ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ ಐದು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿತು. ವಿಮೆಗೆ ತಿಳಿಸದೆ ಏನೇನೋ ಹಾಕಿಸಿಕೊಂಡು ಆಕ್ಸಿಡೆಂಟ್ ಆದರೆ ಕ್ಲೇಮಿಗೂ ತಕರಾರು ಬರಬಹುದು. ನಿಜವಾಗಿ ಖರ್ಚು ಇಳಿಸೋ ಬದಲಾವಣೆ ಅಂದರೆ ಸಿಎನ್‌ಜಿ. ಅದಕ್ಕೂ ಅನುಮೋದನೆ ಇರೋ ಕಿಟ್ಟೇ ಬೇಕು, ಆರ್‌ಟಿಓದಲ್ಲಿ ಆರ್‌ಸಿಗೆ ನಮೂದು ಮಾಡಿಸಬೇಕು, ಡಿಕ್ಕಿಯ ಜಾಗ ಹೋಗುತ್ತೆ. ಇನ್ನುಳಿದಂತೆ ಟೈರಿಗೆ ಸರಿಯಾದ ಗಾಳಿ, ಹೈವೇಯಲ್ಲಿ ನೂರರ ಬದಲು ಎಂಬತ್ತು. ಎರಡಕ್ಕೂ ಬಿಲ್ ಇಲ್ಲ.

ಬಿಲ್ ಅಂದ ತಕ್ಷಣ ನೆನಪಾಯ್ತು. ದುಡ್ಡು ವಾಪಸ್ ಕೇಳೋಕೆ ಹೋದಾಗ ನಮ್ಮ ಕೈಲಿದ್ದುದು ಅಂಗಡಿ ಹೆಸರೂ ಇಲ್ಲದ ಬಿಳಿ ಚೀಟಿ, ಅದರಲ್ಲಿ ‘ಟೋಟಲ್’ ಅಂತ ಒಂದೇ ಅಂಕಿ. ಗ್ಯಾರಂಟಿ ಮಾತು ತೆಗೆದರೆ “ಮೀಟರಿನಲ್ಲಿ ಏರಿಲ್ವಾ?” ಅಂತ ನಮಗೇ ತಿರುಗಿ ಕೇಳಿದರು. ನಮ್ಮ ಹಳೇ ರಿಮ್ಮು ಟೈರುಗಳನ್ನು ಎಕ್ಸ್‌ಚೇಂಜಿಗೆ ತಗೊಂಡಿದ್ದರಲ್ಲ, ಅವು ಆಗಲೇ ಬೇರೆಯವರಿಗೆ ಹೋಗಿದ್ದವು. ಜಿಎಸ್‌ಟಿ ಬಿಲ್ಲಿನಲ್ಲಿ ಐಟಂ ಐಟಂ ಬರೆಸಿ, ಎಷ್ಟು ಮೈಲೇಜ್ ಗ್ಯಾರಂಟಿ ಅನ್ನೋದನ್ನೂ ಅದರ ಮೇಲೇ ಬರೆದು ಸಹಿ ಹಾಕಿ ಅಂತ ಕೇಳಿ ನೋಡಿ. ಬರೆದುಕೊಟ್ಟರೆ ಮುಂದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡೋಕೆ, ಗ್ರಾಹಕರ ಆಯೋಗಕ್ಕೆ ಹೋಗೋಕೆ ನಿಮ್ಮ ಹತ್ತಿರ ಕಾಗದ ಇರುತ್ತೆ. ಬರೆಯೋದಿಲ್ಲ ಅಂದರೆ ಕಾರಿನ ಕೀ ಇಸ್ಕೊಂಡು ಹೊರಡಿ.