ನೀರು ಕುಡಿಯುವ ಸಾಣೆಕಲ್ಲು: ಟಾರ್ಮೆಕ್ ಟಿ-8 ಬಳಕೆಯ ಮೊದಲ ದಿನಗಳು

ಒಣ ಗ್ರೈಂಡರಿಗೆ ಉಳಿಯನ್ನು ಹಿಡಿದಾಗ ಕ್ಷಣಕಾಲ ಮೈಮರೆತರೂ ಅದರ ತುದಿ ನೀಲಿಗಟ್ಟುತ್ತದೆ. ಹಾಗೆ ಹದ ಕಳೆದುಕೊಂಡ ಉಕ್ಕನ್ನು ಎಷ್ಟು ಮಸೆದರೂ ಅಂಚು ನಿಲ್ಲುವುದಿಲ್ಲ. ಸುಟ್ಟ ಭಾಗವನ್ನೇ ಸವೆಸಿ ತೆಗೆಯದೆ ಬೇರೆ ದಾರಿಯಿಲ್ಲ. ಎರಡು ಒಳ್ಳೆಯ ಉಳಿಗಳನ್ನು ಹೀಗೆ ಕೆಡಿಸಿಕೊಂಡ ಮೇಲೆ ನಾನು ನೀರಿನಲ್ಲಿ ತಿರುಗುವ ಸಾಣೆಯಂತ್ರದ ಕಡೆಗೆ ಹೊರಳಿ, ಸ್ವೀಡನ್ನಿನ ಟಾರ್ಮೆಕ್ ಕಂಪನಿಯ ಟಿ-8 ಮಾದರಿಯನ್ನು ಆರಿಸಿಕೊಂಡೆ. ಈ ಕಂಪನಿ 1973ರಿಂದ ಈ ಬಗೆಯ ಯಂತ್ರಗಳನ್ನೇ ತಯಾರಿಸುತ್ತ ಬಂದಿದೆ.

ಇದರ ಕಲ್ಲು 250 ಮಿ.ಮೀ. ವ್ಯಾಸದ್ದು, 50 ಮಿ.ಮೀ. ಅಗಲದ್ದು, ನಿಮಿಷಕ್ಕೆ ಸುತ್ತುವುದು ಕೇವಲ 90 ಸುತ್ತು. ಲೆಕ್ಕ ಹಾಕಿದರೆ ಕಲ್ಲಿನ ಮೇಲ್ಮೈ ಸೆಕೆಂಡಿಗೆ ಸುಮಾರು 1.2 ಮೀಟರ್ ಸಾಗುತ್ತದೆ. ಸಾಮಾನ್ಯ ಒಣ ಗ್ರೈಂಡರಿನ 150 ಮಿ.ಮೀ. ಕಲ್ಲು ಇದೇ ಸೆಕೆಂಡಿನಲ್ಲಿ 20 ಮೀಟರಿಗೂ ಮಿಕ್ಕಿ ಓಡುತ್ತದೆ. ಈ ನಿಧಾನವೂ ಕಲ್ಲಿನ ಮೇಲೆ ಸದಾ ಹರಿಯುವ ನೀರೂ ಸೇರಿ ಉಕ್ಕು ಕಾಯದಂತೆ ನೋಡಿಕೊಳ್ಳುತ್ತವೆ, ಜೊತೆಗೆ ಉಕ್ಕಿನ ಪುಡಿ ಗಾಳಿಗೇರದೆ ಕಲ್ಲಿನ ಅಡಿಯ ನೀರಿನ ತೊಟ್ಟಿಯಲ್ಲೇ ತಂಗುತ್ತದೆ. ಬದಲಿಗೆ ನಾವು ತಾಳ್ಮೆಯನ್ನು ತೆರಬೇಕು: ಮುಕ್ಕಾದ ಅಂಚನ್ನು ಮತ್ತೆ ರೂಪಕ್ಕೆ ತರುವುದು ಇಲ್ಲಿ ಬಹಳ ಹೊತ್ತಿನ ಕೆಲಸ.

ಮೊದಲ ದಿನ ತೊಟ್ಟಿಗೆ ನೀರು ತುಂಬಿ ಯಂತ್ರ ಚಾಲೂ ಮಾಡಿದೊಡನೆ ನೀರಿನ ಮಟ್ಟ ಕುಸಿಯಿತು. ತೊಟ್ಟಿ ಸೋರುತ್ತಿದೆಯೆಂದು ಗಾಬರಿಯಾಗಿ ಅಡಿಯಲ್ಲೆಲ್ಲ ಕೈಯಾಡಿಸಿದೆ, ಕುಡಿಯುತ್ತಿದ್ದದ್ದು ಕಲ್ಲು. ಒಣ ಕಲ್ಲು ತೃಪ್ತಿಯಾಗುವವರೆಗೆ ನೀರು ಹೀರುತ್ತದೆ, ಆದ್ದರಿಂದ ಮಟ್ಟ ಸ್ಥಿರವಾಗುವ ತನಕ ತುಂಬುತ್ತಲೇ ಇರಬೇಕು. ಕೆಲಸ ಮುಗಿದ ಮೇಲೆ ತೊಟ್ಟಿಯನ್ನು ಕೆಳಗಿಳಿಸುವುದನ್ನು ಮರೆಯಬಾರದು. ಕಲ್ಲಿನ ಒಂದೇ ಭಾಗ ರಾತ್ರಿಯಿಡೀ ನೀರಿನಲ್ಲಿ ಮುಳುಗಿದ್ದರೆ ಆ ಕಡೆ ಭಾರ ಹೆಚ್ಚಿ, ಮರುದಿನದ ತಿರುಗುವಿಕೆ ಎಡವಟ್ಟಾಗುತ್ತದೆ.

ಆದರೆ ನನ್ನನ್ನು ನಿಜವಾಗಿ ಸತಾಯಿಸಿದ್ದು ಬೇರೆಯೇ ಸಂಗತಿ. ಮೊದಲ ವಾರ ಕಿರಿದಾದ ಉಳಿಗಳನ್ನೆಲ್ಲ ಕಲ್ಲಿನ ನಡುವಿನಲ್ಲಿಯೇ ಹಿಡಿದು ಸಾಣೆ ಹಾಕಿದ್ದೆ; ಅಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ತಗ್ಗು ಬಿದ್ದಿತ್ತು. ಆಮೇಲೆ ಕೀಸುಳಿಯ ಅಗಲವಾದ ಅಲಗನ್ನು ಇಟ್ಟಾಗ ಅಂಚು ನೇರವಾಗಿ ಬಾರದೆ ಬಾಗಿ ಬಂತು, ನಾನೋ ಅಲಗನ್ನು ಕೋನಕ್ಕೆ ಸರಿಯಾಗಿ ಹಿಡಿದಿಡುವ ಜಿಗ್ಗನ್ನೇ ದೂರುತ್ತ ಎರಡು ಗಂಟೆ ಅದರ ತಿರುಪುಗಳನ್ನು ಬಿಗಿಮಾಡಿ ಸಡಿಲಿಸಿ ಸೋತೆ. ಕೊನೆಗೆ ಒಂದು ಉಕ್ಕಿನ ಅಳತೆಪಟ್ಟಿಯನ್ನು ಕಲ್ಲಿಗೆ ಅಡ್ಡ ಇಟ್ಟು ನೋಡಿದಾಗ ನಡುವೆ ಬೆಳಕು ಕಂಡಿತು. ವಜ್ರದ ಮೊನೆಯಿರುವ ಸಾಧನದಿಂದ ಕಲ್ಲಿನ ಮೇಲ್ಮೈಯನ್ನು ತೆಳುವಾಗಿ, ಅವಸರವಿಲ್ಲದೆ ಕೆರೆದು ಮಟ್ಟ ಮಾಡಿದ ಮೇಲೆ ಅದೇ ಜಿಗ್ಗು, ಅದೇ ಅಲಗು ಸರಿಯಾದವು. ಈ ಸಾಧನವನ್ನು ಬೇರಾವ ಜಿಗ್ಗಿಗಿಂತಲೂ ಮೊದಲು ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ; ಅಲಗನ್ನು ಎಡಬಲಕ್ಕೆ ಸರಿಸುತ್ತ ಕಲ್ಲಿನ ಪೂರ್ತಿ ಅಗಲವನ್ನು ಬಳಸುವ ಅಭ್ಯಾಸವಿದ್ದರೆ ಅದರ ಅಗತ್ಯವೂ ಅಪರೂಪವಾಗುತ್ತದೆ.

ಮೂಲ ಕಲ್ಲು 220 ಗ್ರಿಟ್‌ನದು (ಗ್ರಿಟ್ ಎಂದರೆ ಕಲ್ಲಿನ ಕಣಗಳ ನುಣುಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನುಣುಪು). ಜೊತೆಗೆ ಬರುವ ಎರಡು ಮುಖದ ಕಲ್ಲಿನ ನುಣುಪು ಬದಿಯನ್ನು ತಿರುಗುವ ಈ ಚಕ್ರಕ್ಕೆ ಒತ್ತಿ ಹಿಡಿದರೆ ಚಕ್ರವೇ 1000 ಗ್ರಿಟ್‌ನಂತೆ ವರ್ತಿಸುತ್ತದೆ, ಒರಟು ಬದಿಯನ್ನು ಒತ್ತಿದರೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಒಂದೇ ಚಕ್ರದಲ್ಲಿ ಎರಡು ಕೆಲಸ ಮಾಡಿಸುವ ಈ ಉಪಾಯ ನನಗೆ ಬಹಳ ಮೆಚ್ಚುಗೆಯಾಯಿತು. ಹೈಸ್ಪೀಡ್ ಸ್ಟೀಲಿನ ಉಪಕರಣಗಳಿಗೆ ಸಿಲಿಕಾನ್ ಕಾರ್ಬೈಡಿನ ಕಪ್ಪು ಕಲ್ಲು, ಅತಿ ನುಣುಪಿಗೆ 4000 ಗ್ರಿಟ್‌ನ ಜಪಾನಿ ಮಾದರಿಯ ಕಲ್ಲು, ವ್ಯಾಸ ಕುಗ್ಗದ ವಜ್ರದ ಚಕ್ರಗಳು ಪ್ರತ್ಯೇಕವಾಗಿ ದೊರೆಯುತ್ತವೆಯಾದರೂ ಹೊಸಬರು ಅವುಗಳ ಗೋಜಿಗೆ ಹೋಗಬೇಕಿಲ್ಲ.

ವ್ಯಾಸದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ: ಸಾದಾ ಕಲ್ಲು ಸವೆದಂತೆ ಕೋನ ಬದಲಾಗುತ್ತದೆ, ಹಾಗಾಗಿ ಕೋನಮಾಪಕದಲ್ಲಿ ವ್ಯಾಸವನ್ನು ಆಗಾಗ ತಿದ್ದಿಕೊಳ್ಳಬೇಕು. ಇಳಿಜಾರು ಮುಖಕ್ಕೆ ಮಾರ್ಕರ್ ಬಳಿದು ಕಲ್ಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ ಶಾಯಿ ಎಲ್ಲಿ ಅಳಿಸಿತೆಂಬುದರಿಂದ ಕೋನ ಹೊಂದಿದೆಯೇ ಎಂಬುದು ತಿಳಿಯುತ್ತದೆ.

ಯಂತ್ರದ ಇನ್ನೊಂದು ಬದಿಯ ಚರ್ಮದ ಚಕ್ರಕ್ಕೆ ಮೊದಲು ಸ್ವಲ್ಪ ಎಣ್ಣೆ, ಆಮೇಲೆ ಹೊಳಪು ಕೊಡುವ ಪೇಸ್ಟ್ ಸವರಬೇಕು. ಅಂಚಿಗೆ ಅಂಟಿಕೊಂಡ ನವಿರಾದ ಬರ್, ಅಂದರೆ ಮಸೆದಾಗ ಉಳಿಯುವ ಉಕ್ಕಿನ ತೆಳು ಎಸಳು, ಇಲ್ಲಿ ಕಳಚುತ್ತದೆ. ಕಲ್ಲಿನ ಮೇಲೆ ಅಲಗನ್ನು ಚಕ್ರದ ಓಟಕ್ಕೆ ಎದುರಾಗಿಯೂ ಹಿಡಿಯಬಹುದು, ಚರ್ಮದ ಮೇಲೆ ಎಂದಿಗೂ ಹಾಗೆ ಹಿಡಿಯಬಾರದು. ನನ್ನ ಚಕ್ರದಲ್ಲಿರುವ ಆಳವಾದ ಗೀರು ಇದನ್ನು ಮರೆತ ಒಂದು ಸಂಜೆಯದು.