ಕುಡಿತ ಬಿಡಲು ಎಎ ಸಭೆಯೋ, ನಿಮ್ಹಾನ್ಸೋ: ಮೊದಲು ಎಲ್ಲಿಗೆ?

ಬೆಳಿಗ್ಗೆ ಎರಡು ಗುಟುಕು ಹಾಕದಿದ್ದರೆ ಕೈ ನಡುಗುತ್ತದೆ, ಮೈ ಬೆವರುತ್ತದೆ ಅನ್ನುವವರು ಮೊದಲು ಬೆಂಗಳೂರಿನ ಹೊಸೂರು ರಸ್ತೆಯ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್‌ಗೇ ಹೋಗಿ. ಅಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ವರ್ಷಗಟ್ಟಲೆ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಇದಕ್ಕೆ ಡಾಕ್ಟರೇ ಬೇಕು, ಸಭೆ ಸಾಲದು.

ಆದರೆ ಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೇಲೂ ಸಂಜೆಗಳು ಬರುತ್ತವೆ ಅಲ್ವಾ? ಹಳೇ ಗೆಳೆಯರ ಫೋನೂ ಬರುತ್ತದೆ. ಆಗ ಕುಡಿತ ಬಿಡಬಯಸುವವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಸಭೆಯೇ ಹೆಚ್ಚು ಕೈಹಿಡಿಯುತ್ತದೆ ಅಂತ ನನಗನಿಸುತ್ತದೆ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು. ಮೊದಲ ದಿನ ಸುಮ್ನೆ ಕೂತು ಕೇಳಬಹುದು. ಕನ್ನಡದ ಸಭೆ ಎಲ್ಲಿದೆ ಅಂತ ಮೊದಲೇ ವಿಚಾರಿಸಿ. ಮನಸ್ಸಿನ ಕಷ್ಟ ನಮ್ಮ ಭಾಷೆಯಲ್ಲೇ ಸಲೀಸಾಗಿ ಹೊರಬರುತ್ತದೆ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ ನೋಡಿ.

ಕುಡಿತದಿಂದ ಹೊರಬರಲು ಎಎ ಹೇಳುವ 12 ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. ಅದು ಒಗ್ಗದವರಿಗೆ ಆಸ್ಪತ್ರೆಯ ಕೌನ್ಸೆಲಿಂಗೇ ವಾಸಿ. ಎರಡನ್ನೂ ಒಟ್ಟಿಗೆ ಮಾಡಿದರೂ ತಪ್ಪಿಲ್ಲ.

ಮನೆಯವರಿಗೆ ಅಲ್-ಅನಾನ್ ಎಂಬ ಬೇರೆ ಗುಂಪಿದೆ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ ವ್ಯಸನ ಬಿಡಿಸುವ ಸರ್ಕಾರಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ಉಚಿತ.